ಕಾಫಿ ಕಂಟೇನರ್‌ಗೆ ಗೋಣಿ ಮೂಟೆಯೋ, ಬಲ್ಕ್ ಲೈನರೋ?

ಹಾಸನದ ಕಡೆಯಿಂದ ಮೊದಲ ಸಲ ಕಾಫಿ ಬೀಜ ರಫ್ತು ಮಾಡುವವರಿಗೆ ಈ ಗೊಂದಲ ಇದ್ದೇ ಇರುತ್ತದೆ. ಎರಡಕ್ಕೂ ಬೇಕಿರುವುದು ಅದೇ 20 ಅಡಿ ಕಂಟೇನರ್.

ಗೋಣಿಯಾದರೆ 60 ಕೆಜಿಯ 320 ಮೂಟೆ, ಅಂದರೆ 19.2 ಟನ್. ಲೈನರ್ ಎಂದರೆ ಕಂಟೇನರ್ ಒಳಗೆ ಕಟ್ಟುವ ದೊಡ್ಡ ಪ್ಲಾಸ್ಟಿಕ್ ಚೀಲ. ಬೀಜವನ್ನು ನೇರ ಅದರೊಳಗೆ ತುಂಬುತ್ತಾರೆ, 21 ಟನ್‌ವರೆಗೂ ಹಿಡಿಯುತ್ತದೆ. ಗೋಣಿ ಖರ್ಚಿಲ್ಲ, ಹಮಾಲಿಯೂ ಕಡಿಮೆ. ಆದರೆ ಕೊಳ್ಳುವವರ ಹತ್ತಿರ ಕಂಟೇನರ್ ಓರೆ ಮಾಡಿ ಸುರಿಸುವ ವ್ಯವಸ್ಥೆ ಇರಬೇಕು. ಮೊದಲು ಅದನ್ನು ಕೇಳಿ.

ಎರಡು ಮೂರು ತೋಟದ, ಬೇರೆ ಬೇರೆ ಗ್ರೇಡಿನ ಕಾಫಿ ಒಟ್ಟಿಗೆ ಹೋಗುವುದಾದರೆ ಗೋಣಿಯೇ ಸರಿ. ಒಂದೇ ಗ್ರೇಡಿನ ಪೂರ್ತಿ ಲೋಡಿಗೆ ನನ್ನ ಮತ ಲೈನರ್‌ಗೆ.

ಗೋಣಿಗೆ ದೊಡ್ಡ ಶತ್ರು ತೇವ. ಸಮುದ್ರದಲ್ಲಿ ರಾತ್ರಿ ತಗಡು ತಣ್ಣಗಾದಾಗ ಚಾವಣಿ ಬೆವರಿ, ಹನಿಗಳು ಮೇಲಿನ ಸಾಲಿನ ಮೇಲೆ ತೊಟ್ಟಿಕ್ಕುತ್ತವೆ. ಆಮೇಲೆ ಬೂಷ್ಟು. ಅದಕ್ಕೇ ಗೋಡೆಗೆ, ನೆಲಕ್ಕೆ, ಮೂಟೆಗಳ ಮೇಲೆ ಕ್ರಾಫ್ಟ್ ಪೇಪರ್ (ದಪ್ಪ ಕಂದು ಕಾಗದ) ಹೊದಿಸಿ, ತೇವ ಹೀರುವ ಚೀಲ ನೇತುಹಾಕಿ. ಮೂಟೆಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಸಂದು ತಪ್ಪಿಸಿ ಜೋಡಿಸಿ. ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಬೇಕಲ್ವಾ, ತಿರುವಿನಲ್ಲಿ ಸಡಿಲ ಸಾಲು ಜಾರುತ್ತದೆ. ಲೈನರ್ ಆದರೆ ಬಾಗಿಲ ಬಳಿ ಕಬ್ಬಿಣದ ಅಡ್ಡಪಟ್ಟಿ ಹಾಕದೆ ತುಂಬಿಸಲೇಬೇಡಿ. ಇಲ್ಲದಿದ್ದರೆ ಬೀಜದ ಭಾರ ಪೂರಾ ಬಾಗಿಲಿಗೆ ಬೀಳುತ್ತದೆ.

ಯಾವುದೇ ಆಗಲಿ, ತುಂಬುವ ಮುಂಚೆ ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಕಂಟೇನರ್ ವಾಪಸ್ ಕಳಿಸಿ. ಒಳಗೆ ಕೆಮಿಕಲ್ ವಾಸನೆ ಬಂದರೂ ಅಷ್ಟೇ, ಕಾಫಿ ಬೀಜ ವಾಸನೆಯನ್ನು ಸುಮ್ನೆ ಬಿಡುವುದಿಲ್ಲ, ಹೀರಿಕೊಂಡು ಬಿಡುತ್ತದೆ.