ಮಿಂಟ್‌ಗೆ ವಲಸೆ, ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಆರನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಮತ್ತು 8 ಜಿಬಿ ರ‍್ಯಾಮ್. ವಿಂಡೋಸ್ 11ರ ಅರ್ಹತಾ ಪಟ್ಟಿ, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರಿನಿಂದ ಆರಂಭವಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೋ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸುಸ್ಥಿತಿಯಲ್ಲಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ, ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ 22ರತ್ತ ತಿರುಗಿದೆ. ಮತ್ತೊಂದು ಲಿನಕ್ಸ್ ವ್ಯವಸ್ಥೆಯಾದ ಉಬುಂಟು 24.04ರ ಮೇಲೆ ಕಟ್ಟಿರುವ ಈ ಆವೃತ್ತಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ಸಿಗುತ್ತವೆ.

ಒಮ್ಮೆಲೇ ಡಿಸ್ಕ್ ಅಳಿಸುವ ಧೈರ್ಯವಿಲ್ಲದ್ದರಿಂದ ಒಂದು ವ್ಯವಸ್ಥೆಯೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶವನ್ನು ವಿಂಡೋಸ್‌ನೊಳಗೇ ಹಾಕಿ, ಅದರಲ್ಲಿ ಎರಡು ವಾರ ಮಿಂಟ್ ಬಳಸಿದೆ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ನ ಮೆನು, ಫೈಲ್‌ಗಳ ಜೋಡಣೆ, ತಂತ್ರಾಂಶ ಅಳವಡಿಸುವ ಕ್ರಮ ಇವುಗಳಿಗೆ ಕೈ ಪಳಗಲು ಇದಕ್ಕಿಂತ ನಿರಪಾಯಕಾರಿ ಮಾರ್ಗವಿಲ್ಲ. ಏನನ್ನಾದರೂ ಕೆಡಿಸಿಕೊಂಡರೆ ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ, ಅಂದರೆ ಆಗ ಉಳಿಸಿಟ್ಟ ಸ್ಥಿತಿಗೆ, ಮರಳಬಹುದು. ಆದರೆ ಹೊಸ ವ್ಯವಸ್ಥೆ ನಮ್ಮ ಯಂತ್ರಕ್ಕೆ ಒಗ್ಗುತ್ತದೆಯೇ ಎಂಬ ಮುಖ್ಯ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುವುದಿಲ್ಲ. ಒಳಗಿನ ಮಿಂಟ್‌ಗೆ ಕಾಣುವುದು ನಿಜವಾದ ವೈಫೈ ಕಾರ್ಡ್ ಅಲ್ಲ, ವರ್ಚುವಲ್‌ಬಾಕ್ಸ್ ಸೃಷ್ಟಿಸಿದ ಕೃತಕ ಕೇಬಲ್ ಸಂಪರ್ಕ. ಗ್ರಾಫಿಕ್ಸ್ ಕೂಡ ಹಾಗೆಯೇ. ಕಿಟಕಿಗಳು ತಡವರಿಸುತ್ತ ತೆರೆಯುವುದನ್ನು ಕಂಡು ಮಿಂಟೇ ನಿಧಾನವೆಂದು ಭಾವಿಸಿದ್ದೆ. ಡಿಸ್ಕ್‌ಗೆ ಅಳವಡಿಸದೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಬೂಟ್ ಮಾಡಿದ ದಿನ ಆ ಅಭಿಪ್ರಾಯ ಬದಲಾಯಿತು. ವೈಫೈ, ಟಚ್‌ಪ್ಯಾಡ್, ಪ್ರಿಂಟರ್‌ಗಳನ್ನು ಪರೀಕ್ಷಿಸಬೇಕಾದದ್ದು ಅಲ್ಲಿಯೇ.

ಕನ್ನಡದ ವಿಷಯದಲ್ಲಿ ಸಮಾಧಾನವೂ ಇದೆ, ತೊಡಕೂ ಇದೆ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಸಿದ್ಧವಾಗಿಯೇ ಇರುವುದರಿಂದ, ನುಡಿ ತಂತ್ರಾಂಶದಲ್ಲಿ ‘ಎಫ್’ ಕೀಲಿ ಒತ್ತಿ ಒತ್ತಕ್ಷರ ಮೂಡಿಸುತ್ತಿದ್ದವರಿಗೆ ಯುನಿಕೋಡ್ (ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ) ಟೈಪಿಂಗ್ ಹೊಸ ಪಾಠವಾಗುವುದಿಲ್ಲ. ತೊಡಕು ಹಳೆಯ ಕಡತಗಳದು. ಯುನಿಕೋಡ್‌ಪೂರ್ವದ ನುಡಿ ಫಾಂಟ್‌ಗಳಲ್ಲಿ ಬರೆದದ್ದು ಒಳಗೆ ರೋಮನ್ ಸಂಕೇತಗಳಾಗಿಯೇ ಉಳಿದಿರುತ್ತದೆ. ಫಾಂಟ್ ಇಲ್ಲದಿದ್ದರೆ ಮಿಂಟ್‌ನ ಕಚೇರಿ ತಂತ್ರಾಂಶ ಲಿಬ್ರೆ ಆಫೀಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಷ್ಟೇ ಕಾಣುತ್ತದೆ. ಫಾಂಟ್ ನಕಲಿಸಿದರೆ ಓದಬಹುದು, ಆದರೆ ತಿದ್ದಲು ಮತ್ತು ಯುನಿಕೋಡ್‌ಗೆ ಪರಿವರ್ತಿಸಲು ನನಗೆ ಕೈಬಂದಿರುವ ಸಾಧನಗಳೆಲ್ಲ ವಿಂಡೋಸ್‌ನವೇ.

ಹೀಗಾಗಿ ಡಿಸ್ಕ್‌ಗೆ ಮಿಂಟ್ ಇಳಿಸಿದ ಮೇಲೆ ಪಾತ್ರಗಳು ಅದಲುಬದಲಾದವು: ಈಗ ವರ್ಚುವಲ್‌ಬಾಕ್ಸ್‌ನೊಳಗೆ ಇರುವುದು ವಿಂಡೋಸ್ 10. ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಲ್ಯಾಪ್‌ಟಾಪ್ ಜೊತೆ ಬಂದದ್ದು ಆ ಯಂತ್ರಕ್ಕೆ ಕಟ್ಟುಬಿದ್ದಿರುವಂಥದ್ದು. ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ವರ್ಚುವಲೈಸೇಷನ್ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿರಬೇಕು. ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ವರ್ಚುವಲ್‌ಬಾಕ್ಸ್‌ನ ಕರ್ನಲ್ ಮಾಡ್ಯೂಲ್‌ಗಳಿಗೆ (ಮಿಂಟ್‌ನ ತಿರುಳಿಗೆ ಸೇರುವ ಭಾಗಗಳಿಗೆ) ಸಹಿ ಮಾಡಿದ ಕೀಲಿಯನ್ನು ನೋಂದಾಯಿಸುವವರೆಗೆ ಅವು ಲೋಡ್ ಆಗುವುದಿಲ್ಲ, ಮತ್ತು ತೆರೆಯ ಮೇಲೆ ಬರುವ ದೋಷಸಂದೇಶದಿಂದ ಈ ಕಾರಣವನ್ನು ಊಹಿಸುವುದು ಹೊಸಬರಿಗೆ ಸುಲಭವಲ್ಲ. ರ‍್ಯಾಮ್ ಹಂಚುವಾಗ ನಾನು ಉದಾರಿಯಾಗಿ ಒಳಗಿನ ವಿಂಡೋಸ್‌ಗೆ 6 ಜಿಬಿ ಕೊಟ್ಟು, ಉಳಿದ ಎರಡರಲ್ಲಿ ಮಿಂಟ್ ಏದುಸಿರು ಬಿಡುವುದನ್ನು ನೋಡಿದೆ. 4 ಜಿಬಿ ಮತ್ತು ಎರಡು ಕೋರ್‌ಗಳಿಗೆ ಇಳಿಸಿದ ಮೇಲೆ ಎರಡೂ ಹೊಂದಿಕೊಂಡಿವೆ.

ಬೆಂಬಲ ಮುಗಿದ ವ್ಯವಸ್ಥೆಯಾದ್ದರಿಂದ ಅದರ ಇಂಟರ್‌ನೆಟ್ ಸಂಪರ್ಕ ಕಡಿದಿದ್ದೇನೆ. ಒಳಗಿನ ವಿಂಡೋಸ್‌ಗೆ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶ ಗೆಸ್ಟ್ ಅಡಿಷನ್ಸ್ ಅಳವಡಿಸಿ, ಕಡತಗಳನ್ನು ಹಂಚಿಕೆಯ ಫೋಲ್ಡರ್ ಮೂಲಕ ಸಾಗಿಸುತ್ತೇನೆ. ವರ್ಚುವಲ್‌ಬಾಕ್ಸ್‌ನ ಮೂಲ ತಂತ್ರಾಂಶ ಮುಕ್ತವಾದರೂ ಹೆಚ್ಚುವರಿ ಸೌಲಭ್ಯಗಳ ಎಕ್ಸ್‌ಟೆನ್ಷನ್ ಪ್ಯಾಕ್ ವೈಯಕ್ತಿಕ ಮತ್ತು ಶೈಕ್ಷಣಿಕ ಬಳಕೆಗೆ ಉಚಿತ, ವಾಣಿಜ್ಯ ಬಳಕೆಗಲ್ಲ ಎಂಬುದನ್ನು ಕಚೇರಿಗಳಲ್ಲಿ ಬಳಸುವವರು ಗಮನಿಸಬೇಕು. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಆಗಾಗ ಅಳಿಸದಿದ್ದರೆ ಡಿಸ್ಕ್ ಸದ್ದಿಲ್ಲದೆ ತುಂಬುತ್ತದೆ. 4 ಜಿಬಿ ರ‍್ಯಾಮ್‌ನ ಯಂತ್ರವಿರುವವರಿಗೆ ಮಿಂಟನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಅದರೊಳಗಿನ ವಿಂಡೋಸನ್ನಲ್ಲ. ನನ್ನಲ್ಲಿ ಪರಿವರ್ತನೆಗೆ ಬಾಕಿಯಿರುವ ಕಡತಗಳು ಮುಗಿಯುವವರೆಗೆ ಅದು ಅಲ್ಲೇ ಇರಲಿ.