ಕಾಗದದ ಗ್ಯಾಸ್ಕೆಟ್ಟೋ, ಸಿಲಿಕೋನ್ ಪೇಸ್ಟೋ?

ಹಳೆಯ ಕಾರಿಗೆ ಹಾಕಿದ ಹೊಸ ವಾಟರ್ ಪಂಪನ್ನು ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೋರಿಕೆಯಿಂದಾಗಿ ಮೂರು ಸಲ ಕೂರಿಸಬೇಕಾಯಿತು. ತಯಾರಕರು ಕಾಗದದ ಗ್ಯಾಸ್ಕೆಟ್ (ಎರಡು ಭಾಗಗಳ ನಡುವಿನ ಸಂದಿ ಮುಚ್ಚುವ ಹಾಳೆ) ಕೊಟ್ಟಿರುವ ಕಡೆ ಇನ್ನು ಮುಂದೆ ನಾನು ಅದನ್ನೇ ಬಳಸುವವನು.

ಮೊದಲ ಸಲ ಗ್ಯಾಸ್ಕೆಟ್ಟಿನ ಬದಲು ಸಿಲಿಕೋನ್ ಪೇಸ್ಟ್ ಹಚ್ಚಿ, ಅದು ಪೂರ್ತಿ ಗಟ್ಟಿಯಾಗಲು ಬೇಕಾದ 24 ಗಂಟೆ ಕಾಯದೆ ಅಂದು ರಾತ್ರಿಯೇ ಕೂಲಂಟ್ ತುಂಬಿದ್ದು ನನ್ನದೇ ತಪ್ಪು. ಎರಡನೆಯ ಸಲ ಕಾದರೂ ಸೋರಿತು. ಮೂರನೆಯ ಸಲ ಕಾಗದದ ಗ್ಯಾಸ್ಕೆಟ್ ಹಾಕಿದಾಗಲೂ ಅದೇ ಮೂಲೆ ಒದ್ದೆಯಾದದ್ದನ್ನು ಕಂಡು ಸಂಶಯ ಬಂದಿತು.

ತಣ್ಣಗಿದ್ದ ಎಂಜಿನ್ನಿಗೆ ಕೈಪಂಪಿನ ಪ್ರೆಶರ್ ಟೆಸ್ಟರ್ ಜೋಡಿಸಿ, ರೇಡಿಯೇಟರ್ ಮುಚ್ಚಳದ ಮೇಲೆ ನಮೂದಿಸಿದ್ದಷ್ಟೇ ಒತ್ತಡ ಕೊಟ್ಟು, ಜಾಗವನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದು ಕಾದೆ. ಹನಿ ಹುಟ್ಟುತ್ತಿದ್ದದ್ದು ಗ್ಯಾಸ್ಕೆಟ್ಟಿನ ಅಂಚಿನಲ್ಲಲ್ಲ, ಒಂದು ಬೋಲ್ಟಿನ ತಲೆಯ ಬುಡದಲ್ಲಿ. ಆ ಬೋಲ್ಟಿನ ರಂಧ್ರ ಎಂಜಿನ್ ಬ್ಲಾಕಿನೊಳಗೆ ಕೂಲಂಟ್ ಹರಿಯುವ ಜಾಗಕ್ಕೇ ತೆರೆದುಕೊಂಡಿದ್ದರಿಂದ, ಕೂಲಂಟ್ ಥ್ರೆಡ್ಡಿನ (ಬೋಲ್ಟಿನ ಸುರುಳಿ ಎಳೆಯ) ಗುಂಟ ಹೊರಬಂದು ಅಂಚಿಗೆ ಇಳಿಯುತ್ತಿತ್ತು. ಕೂಲಂಟನ್ನು ಆ ಮಟ್ಟಕ್ಕಿಂತ ಕೆಳಗಿಳಿಸಿ, ಬೋಲ್ಟನ್ನೂ ರಂಧ್ರವನ್ನೂ ಜಿಡ್ಡಿಲ್ಲದಂತೆ ಶುಚಿಮಾಡಿ, ಥ್ರೆಡ್ ಸೀಲೆಂಟ್ ಹಚ್ಚಿ ಬಿಗಿದ ಮೇಲೆ ಒಸರುವುದು ನಿಂತಿತು. ಎರಡನೆಯ ಸಲದ ಸಿಲಿಕೋನನ್ನು ಸುಮ್ಮನೆ ಬೈದಿದ್ದೆ.

ಆದರೂ ನನ್ನ ಒಲವು ಬದಲಾಗಲಿಲ್ಲ. ಒಣಗಿದ ಸಿಲಿಕೋನಿನ ತೆಳುಪದರ ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಂತೆ ಉಳಿದು, ಅದರ ಮೇಲೆ ಹೊಸ ಪೇಸ್ಟ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಉಕ್ಕಿನ ಬ್ಲೇಡಿನಿಂದ ಕೆರೆದರೆ ಗೀರು ಬಿದ್ದು ಹೊಸ ಸೋರಿಕೆಗೆ ದಾರಿಯಾಗುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯುವುದರಲ್ಲೇ ನನ್ನ ಅರ್ಧ ದಿನ ಹೋಯಿತು. ಹೆಚ್ಚಾದ ಪೇಸ್ಟ್ ಒಳಕ್ಕೂ ಉಬ್ಬಿ, ಕಳಚಿದ ಚೂರುಗಳು ರೇಡಿಯೇಟರಿನ ಕಿರಿದಾದ ನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಕಾಗದಕ್ಕೆ ಆ ಭಯವಿಲ್ಲ, ಬೆಲೆಯೂ ಅಲ್ಪ. ವರ್ಷಕ್ಕೆ ಒಂದೆರಡು ರಿಪೇರಿ ಮಾಡುವ ನನ್ನಂಥವರ ಕೈಯಲ್ಲಿ ಒಮ್ಮೆ ತೆರೆದ ಸಿಲಿಕೋನ್ ಟ್ಯೂಬು ಮುಂದಿನ ರಿಪೇರಿಯ ಹೊತ್ತಿಗೆ ಮೂತಿಯಲ್ಲೇ ಕಲ್ಲಾಗಿರುತ್ತದೆ.

ರೇಡಿಯೇಟರಿಗೆ ಸುರಿಯುವ ಸೋರಿಕೆನಿರೋಧಕ ದ್ರವವನ್ನು ನಾನು ಹೋಲಿಕೆಗೇ ತೆಗೆದುಕೊಳ್ಳುವುದಿಲ್ಲ. ಅದು ಹೀಟರಿನ ನಾಳಗಳನ್ನೂ ಕಟ್ಟಿಬಿಡಬಲ್ಲದು.

ಸಿಲಿಕೋನಿಗೆ ಒಂದೇ ಜಾಗ ಬಿಟ್ಟುಕೊಟ್ಟಿದ್ದೇನೆ: ತುಕ್ಕಿನಿಂದ ಗುಳಿಬಿದ್ದ ಥರ್ಮೋಸ್ಟಾಟ್ ಹೌಸಿಂಗ್ (ಕೂಲಂಟ್ ಹರಿವನ್ನು ನಿಯಂತ್ರಿಸುವ ಕವಾಟದ ಹೊರಕವಚ). ಅಲ್ಲಿ ಕಾಗದ ಗುಳಿಯನ್ನು ತುಂಬಲಾರದು, ಹೊಸ ಹೌಸಿಂಗ್ ಸಿಗುವ ತನಕ ಪೇಸ್ಟನ್ನೇ ತೆಳುವಾಗಿ ಎಳೆದು, ಮರುದಿನದವರೆಗೆ ಕೂಲಂಟ್ ಡಬ್ಬಿಯನ್ನು ಮುಟ್ಟುವುದಿಲ್ಲ.