ಸಹ್ಯಾದ್ರಿ ಮಳೆಗೆ ಯಾವ ಜಾಕೆಟ್? ನಾಲ್ಕನ್ನು ಹಾಕಿಕೊಂಡು ಹತ್ತಿ ನೋಡಿದ್ದು

ಜೂನ್ ಹತ್ತಿರ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಟ್ರೆಕ್ಕಿಗೆ ಯಾವ ಜಾಕೆಟ್ ತಗೊಳ್ಳಲಿ?" ಗುಂಪಿನಲ್ಲಿ ಇರುವವರೆಲ್ಲ ಕೆಲಸಕ್ಕೆಂದು ಪುಣೆಗೆ ಬಂದ ಕನ್ನಡದವರು. ಹುಬ್ಬಳ್ಳಿ, ಬೆಳಗಾವಿ, ಮೈಸೂರು ಕಡೆಯವರು. ನಾನು ಸಾಗರದವನು, ಮಳೆ ನನಗೆ ಹೊಸದಲ್ಲ. ಆದರೆ ಊರಿನ ಮಳೆಯಲ್ಲಿ ನಾವು ಜಗಲಿಯ ಮೇಲೆ ಕೂತು ಹಪ್ಪಳ ತಿನ್ನುತ್ತಿದ್ದೆವು. ಇಲ್ಲಿ ಅದೇ ಮಳೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಕೋಟೆ ಹತ್ತುತ್ತೇವೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಹೋದ ವರ್ಷ ಜುಲೈನಲ್ಲಿ ಒಂದು ಕೆಲಸ ಮಾಡಿದೆ. ನಾಲ್ಕು ಭಾನುವಾರ, ನಾಲ್ಕು ಬಗೆಯ ಉಡುಪು, ಒಂದೇ ದಾರಿ. ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಬುಡದ ಆತಕರವಾಡಿ ಹಳ್ಳಿಯಿಂದ ಹತ್ತುವ ಕಾಲುದಾರಿ. ಶುರುವಿನಿಂದ ಕೊನೆತನಕ ಏರು, ಹಾಗಾಗಿ ಬೆವರು ಖಂಡಿತ. ಪ್ರತಿ ಸಲ ಬೆಳಗ್ಗೆ ಆರೂವರೆಗೆ ಹೊರಟೆ. ಪ್ರತಿ ಸಲ ಒಳಗೆ ಅದೇ ನೀಲಿ ಪಾಲಿಯೆಸ್ಟರ್ ಟೀ ಶರ್ಟ್. ಒಣಗಿದಾಗ ಅದರ ತೂಕ ಅಡುಗೆಮನೆಯ ತಕ್ಕಡಿಯಲ್ಲಿ 142 ಗ್ರಾಂ. ಮೇಲೆ ತಲುಪಿದ ಕೂಡಲೇ ಅದನ್ನು ಬಿಚ್ಚಿ, ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮನೆಗೆ ತಂದು ಮತ್ತೆ ತೂಗಿದೆ. ಹೆಚ್ಚಾದ ತೂಕವೆಲ್ಲ ನೀರು. ಹೊರಗಿಂದ ಬಂದ ಮಳೆ, ಇಲ್ಲ ಒಳಗಿನ ಬೆವರು. ನಾಲ್ಕೂ ದಿನ ಮಳೆ ಒಂದೇ ಸಮ ಇರಲಿಲ್ಲ, ಹಾಗಾಗಿ ಈ ಲೆಕ್ಕವನ್ನು ಗ್ರಾಂ ಗ್ರಾಂ ನಂಬಬೇಡಿ. ಆದರೆ ನಾಲ್ಕರ ನಡುವಿನ ಅಂತರ ಎಷ್ಟು ದೊಡ್ಡದಿತ್ತೆಂದರೆ, ಮಳೆ ಸ್ವಲ್ಪ ಹೆಚ್ಚು ಕಮ್ಮಿ ಆಗಿದ್ದಕ್ಕೆ ಅದು ಬದಲಾಗುವಂಥದ್ದಲ್ಲ.

ಮೊದಲ ವಾರ ಹಾಕಿದ್ದು ಬೈಕಿನ ರೇನ್‌ಕೋಟ್. ಪ್ಯಾಂಟ್ ಸಮೇತ ಬರುತ್ತದಲ್ಲ, ಒಳಗೆ ಪಿವಿಸಿ ಹಚ್ಚಿದ್ದು, ಅದು. ಎಲ್ಲರ ಮನೆಯಲ್ಲೂ ಇರುತ್ತದೆ, ಆದ್ದರಿಂದ ಎಲ್ಲರೂ ಮೊದಲ ಟ್ರೆಕ್ಕಿಗೆ ಅದನ್ನೇ ತರುತ್ತಾರೆ. ಹೊರಗಿನ ನೀರು ಒಂದು ಹನಿಯೂ ಒಳಗೆ ಬರಲಿಲ್ಲ. ಆದರೆ ದಾರಿಯ ಕಾಲು ಭಾಗ ಮುಗಿಯುವ ಹೊತ್ತಿಗೇ ತೋಳಿನ ಒಳಗೆ ನೀರು ಹರಿಯತೊಡಗಿತು. ಕೈ ಕೆಳಗೆ ಮಾಡಿದರೆ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ಅದು ಮಳೆಯಲ್ಲ, ನನ್ನದೇ ಬೆವರು. ಮನೆಗೆ ಬಂದು ತೂಗಿದರೆ ಶರ್ಟ್ 318 ಗ್ರಾಂ! ಮಳೆಯಲ್ಲಿ ಸುಮ್ನೆ ನೆನೆದಿದ್ದರೂ ಇಷ್ಟೇ ಆಗುತ್ತಿತ್ತೇನೋ. ಸ್ಕೂಟರ್ ಮೇಲೆ ಕೂತವನಿಗೆ ಇದು ಒಳ್ಳೆಯ ಉಡುಪು, ಯಾಕೆಂದರೆ ಅವನು ಬೆವರುವುದಿಲ್ಲ. ಹತ್ತುವವನಿಗೆ ಬೇಡ. ಇದರ ಬಗ್ಗೆ ಇನ್ನು ಹೇಳುವುದೇನೂ ಇಲ್ಲ.

ಎರಡನೇ ವಾರ ಪೊಂಚೊ. ಮಳೆಗಾಲ ಶುರುವಾಗುವಾಗ ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುತ್ತಾರೆ, 350 ರೂಪಾಯಿಗೆ ತಂದೆ. ತಲೆಯಿಂದ ಮೊಣಕಾಲಿನವರೆಗೆ ಇಳಿಬೀಳುತ್ತದೆ, ಬೆನ್ನ ಮೇಲಿನ ಚೀಲವನ್ನೂ ಮುಚ್ಚುತ್ತದೆ. ಪಕ್ಕ ಎರಡೂ ಖಾಲಿ, ಕೆಳಗೆ ಖಾಲಿ, ಗಾಳಿ ಒಳಗೆ ಹೊರಗೆ ಓಡಾಡುತ್ತದೆ. ಹತ್ತುವಾಗ ಹಾಯಾಗಿತ್ತು. ಶರ್ಟಿನ ತೂಕ 171 ಗ್ರಾಂ. ನಾಲ್ಕರಲ್ಲೂ ಅತಿ ಕಮ್ಮಿ.

ಈ ಅಂಕಿ ನೋಡಿದಾಗ ನನಗೆ ಅಜ್ಜನ ಕಂಬಳಿ ಕೊಪ್ಪೆ ನೆನಪಾಯಿತು. ಗದ್ದೆಗೆ ಹೋಗುವಾಗ ಕಂಬಳಿಯನ್ನು ಮಡಚಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಡುತ್ತಿದ್ದರು. ಮುಂದೆ ಪೂರ್ತಿ ತೆರೆದಿರುತ್ತಿತ್ತು. ಇಲ್ಲಿ ಮುಳಶಿ ಕಡೆ ಭತ್ತದ ನಾಟಿ ಮಾಡುವವರು ತಲೆಯ ಮೇಲೆ ಇರ್ಲಂ ಹೊತ್ತುಕೊಳ್ಳುತ್ತಾರೆ. ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿದ ದೋಣಿಯಂಥದ್ದು, ಈಗ ಎಲೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಅದೂ ಬೆನ್ನನ್ನು ಮಾತ್ರ ಮುಚ್ಚುತ್ತದೆ. ಮಳೆಯಲ್ಲಿ ಮೈ ಮುರಿದು ದುಡಿಯುವವರು ಯಾರೂ ಸುತ್ತ ಮುಚ್ಚಿದ್ದನ್ನು ಹಾಕಿಕೊಂಡಿಲ್ಲ. ಬೆಚ್ಚಗಿನ ಮಳೆಯಲ್ಲಿ ಆವಿ ಹೊರಗೆ ಹೋಗುವುದು ಮುಖ್ಯ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಹಾಗಾದರೆ ಪೊಂಚೊ ತಗೊಂಡರೆ ಆಯ್ತಲ್ವಾ? ನಾನೂ ಹಾಗೇ ಅಂದುಕೊಂಡು ಅದನ್ನೇ ರಾಜಗಡ ಕೋಟೆಗೆ ಹಾಕಿಕೊಂಡು ಹೋದೆ. ಬುಡದ ಗುಂಜವಣೆ ಹಳ್ಳಿಯಿಂದ ಕೋಟೆಯ ಚೋರ ದರವಾಜೆಗೆ (ಕಳ್ಳ ಬಾಗಿಲು) ಹತ್ತುವ ದಾರಿ ಕೊನೆಗೆ ಕಡಿದಾದ ಬಂಡೆ, ಪಕ್ಕದಲ್ಲಿ ಕಬ್ಬಿಣದ ಕಂಬಿ. ಅಲ್ಲಿ ಕಾಲು ಎಲ್ಲಿ ಇಡುತ್ತಿದ್ದೇನೆಂದು ಕಾಣಬೇಕು. ಪೊಂಚೊ ಹಾಕಿದರೆ ಕಾಣುವುದಿಲ್ಲ. ಮುಂದೆ ಬಾಗಿದರೆ ಬಟ್ಟೆ ಇಳಿಬಿದ್ದು ಪಾದವನ್ನು ಮುಚ್ಚುತ್ತದೆ. ಮೊಣಕಾಲು ಎತ್ತಿದರೆ ಅದರ ಅಂಚು ಬೂಟಿನ ಕೆಳಗೆ ಸಿಗುತ್ತದೆ. ನಾನು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಪೊಂಚೊ ಎತ್ತಿ ಹಿಡಿದು ಹತ್ತಿದೆ. ಹಾಗೆ ಹತ್ತಬಾರದು. ಎರಡೂ ಕೈ ಖಾಲಿ ಇರಬೇಕಾದ ಜಾಗ ಅದು. ಮೇಲೆ ಸಂಜೀವನಿ ಮಾಚಿಗೆ, ಅಂದರೆ ಕೋಟೆಯಿಂದ ಚಾಚಿಕೊಂಡ ಉದ್ದನೆಯ ಏಣಿಗೆ, ತಿರುಗಿದ ಮೇಲೆ ಪಶ್ಚಿಮದ ಗಾಳಿ ಒಮ್ಮೆಲೇ ಹೊಡೆಯಿತು. ಪೊಂಚೊ ಹಾಯಿಯ ಹಾಗೆ ಉಬ್ಬಿ, ನನ್ನನ್ನು ಎರಡು ಹೆಜ್ಜೆ ಅಂಚಿನ ಕಡೆ ಎಳೆಯಿತು. ಪಕ್ಕದಲ್ಲಿದ್ದ ಗೆಳೆಯ ಚೀಲದ ಪಟ್ಟಿ ಹಿಡಿದುಕೊಂಡ. ಅಲ್ಲೇ ಅದನ್ನು ಬಿಚ್ಚಿ ಮಡಚಿಟ್ಟೆ. ಪದ್ಮಾವತಿ ದೇವಸ್ಥಾನಕ್ಕೆ ವಾಪಸ್ ಬರುವಷ್ಟರಲ್ಲಿ ಪೂರ್ತಿ ನೆನೆದು ಹಲ್ಲು ಕಟಕಟ ಅನ್ನುತ್ತಿತ್ತು. ಜುಲೈ ತಿಂಗಳು, ಚಳಿಗಾಲವಲ್ಲ. ಆದರೆ ಒದ್ದೆ ಮೈಗೆ ಗಾಳಿ ಸೇರಿದರೆ ಚಳಿ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು.

ಆ ದಿನದಿಂದ ನಾನು ಯೋಚಿಸುವ ರೀತಿಯೇ ಬದಲಾಯಿತು. ನಮ್ಮ ಮಳೆಗಾಲದ ಟ್ರೆಕ್ಕಿನಲ್ಲಿ ಪೂರ್ತಿ ಒಣಗಿರುವುದು ಆಗದ ಮಾತು. ಹತ್ತುವಾಗ ಬೆವರಿನಿಂದಲಾದರೂ ಒದ್ದೆಯಾಗುತ್ತೀರಿ. ಜಾಕೆಟ್ ಮಾಡಬೇಕಾದ್ದು ಎರಡು ಕೆಲಸ. ಏರಿನಲ್ಲಿ ಆವಿಯನ್ನು ಹೊರಗೆ ಬಿಡಬೇಕು. ಮೇಲೆ ಗಾಳಿಯನ್ನು ತಡೆಯಬೇಕು.

ಮೂರನೇ ವಾರದ್ದು ದುಬಾರಿ ಸರಕು. ಮೂರು ಪದರದ ಮೆಂಬ್ರೇನ್ ಜಾಕೆಟ್ (ಬಟ್ಟೆಯ ನಡುವೆ ತೆಳು ಪೊರೆ ಇರುವಂಥದ್ದು), ಭಾವ ಜರ್ಮನಿಯಿಂದ ತಂದುಕೊಟ್ಟಿದ್ದು. ಇಂಥ ಬಟ್ಟೆಗೆ ದಾರಿ ಮಾಡಿದ್ದು ಬಾಬ್ ಗೋರ್. 1969ರಲ್ಲಿ ಅವರು ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಫಕ್ಕನೆ ಎಳೆದಾಗ ಅದರಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳಾದವು. ನೀರಿನ ಹನಿ ನುಸುಳದಷ್ಟು ಚಿಕ್ಕವು, ಆವಿ ದಾಟುವಷ್ಟು ದೊಡ್ಡವು. ಗೋರ್-ಟೆಕ್ಸ್ ಹುಟ್ಟಿದ್ದು ಹಾಗೆ. ಓದಲು ಪವಾಡದ ಹಾಗಿದೆ. ಹಿಮಾಚಲದಲ್ಲಿ ಹಂಪ್ಟಾ ಪಾಸ್‌ಗೆ ಹೋದಾಗ ನನ್ನ ಈ ಜಾಕೆಟ್ ನಿಜಕ್ಕೂ ಪವಾಡವನ್ನೇ ಮಾಡಿತ್ತು. ಸಿಂಹಗಡದಲ್ಲಿ ಮಾತ್ರ ಶರ್ಟ್ 259 ಗ್ರಾಂ ಬಂತು.

ಯಾಕೆ? ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಜಾಸ್ತಿ, ಹೊರಗೆ ಕಮ್ಮಿ ಇದ್ದರೆ ಮಾತ್ರ ಹೋಗುತ್ತದೆ. 5 ಡಿಗ್ರಿಯ ಗಾಳಿ ತೇವದಿಂದ ತುಂಬಿ ತುಳುಕಿದರೂ ಒಂದು ಘನ ಮೀಟರಿಗೆ ಸುಮಾರು 7 ಗ್ರಾಂ ಆವಿ ಮಾತ್ರ ಇರುತ್ತದೆ. 23 ಡಿಗ್ರಿಯಲ್ಲಿ ಅದು ಸುಮಾರು 20 ಗ್ರಾಂ. ನಮ್ಮ ಗಡಗಳ ಮೇಲೆ ಜುಲೈನಲ್ಲಿ ಇರುವುದು ಮೋಡವೇ ಅಲ್ವಾ, ಗಾಳಿಯಲ್ಲಿ ಇನ್ನು ಜಾಗವೇ ಇರುವುದಿಲ್ಲ. ಮೇಲಾಗಿ ನಮಗೆ ಬೆವರೂ ಜಾಸ್ತಿ. ಹಿಮಾಲಯದ ಚಳಿಯಲ್ಲಿ ಸಲೀಸಾಗಿ ಹೊರಟು ಹೋಗುವ ಆವಿ ಇಲ್ಲಿ ಬಟ್ಟೆಯೊಳಗೇ ನಿಂತು ನೀರಾಗುತ್ತದೆ. ಆ ಜಾಕೆಟ್ಟಿಗೆ ಕಂಕುಳಲ್ಲಿ ಜಿಪ್ ಬೇರೆ ಇಲ್ಲ. ಅದಿದ್ದಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು.

ನಾಲ್ಕನೇ ವಾರ ತೊಟ್ಟಿದ್ದು ತೆಳು ಜಾಕೆಟ್. ನೈಲಾನ್ ಬಟ್ಟೆ, ಒಳಗೆ ಪಿಯು (ಪಾಲಿಯುರೆಥೇನ್) ಎಂಬ ಪ್ಲಾಸ್ಟಿಕ್ಕಿನ ಲೇಪ, ಸುಮಾರು 4,000 ರೂಪಾಯಿ. ಮಡಚಿದರೆ ಎರಡು ಮುಷ್ಟಿಯಷ್ಟು. ಇದರ ಗುಟ್ಟು ಕಂಕುಳ ಜಿಪ್. ತೋಳಿನ ನಡುವಿನಿಂದ ಪಕ್ಕೆಯವರೆಗೆ ಒಂದು ಗೇಣಿಗಿಂತ ಉದ್ದ. ಹತ್ತುವಾಗ ಎರಡೂ ಕಡೆ ಪೂರ್ತಿ ತೆರೆದೆ, ಮುಂದಿನ ಜಿಪ್ಪನ್ನು ಎದೆಯವರೆಗೆ ಇಳಿಸಿದೆ. ಕೈ ಬೀಸಿದಾಗಲೆಲ್ಲ ಪಕ್ಕೆಗೆ ತಣ್ಣನೆ ಗಾಳಿ. ಒಂದಿಷ್ಟು ಮಳೆಯೂ ಒಳಗೆ ಬಂತು, ಬರಲಿ. ಶರ್ಟ್ 208 ಗ್ರಾಂ. ಗಡದ ಮೇಲೆ ಗಾಳಿ ಶುರುವಾದಾಗ ಎಲ್ಲ ಜಿಪ್ ಎಳೆದು ಟೊಪ್ಪಿಯ ದಾರ ಬಿಗಿದೆ. ಎರಡೇ ನಿಮಿಷದಲ್ಲಿ ಮೈ ಬೆಚ್ಚಗಾಯಿತು. ಪಿಠ್ಲ ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ತಿನ್ನುತ್ತಾ ಕೂತಾಗ ನಡುಕ ಇರಲಿಲ್ಲ. ಆಮೇಲೆ ಇದನ್ನೇ ರಾಜಗಡಕ್ಕೂ ಒಯ್ದೆ. ಚೋರ ದರವಾಜೆಯಲ್ಲಿ ಎರಡೂ ಕೈ ಖಾಲಿ, ಕಣ್ಣು ಪಾದದ ಮೇಲೆ.

ಹಾಗಾಗಿ ನನ್ನ ಆಯ್ಕೆ ಇದೇ, ಇದರಲ್ಲಿ ಎರಡನೇ ಮಾತಿಲ್ಲ. ತಕ್ಕಡಿಯಲ್ಲಿ ಪೊಂಚೊ ಗೆದ್ದಿದ್ದರೂ ಬಂಡೆಯ ಮೇಲೆ ಸೋತಿತು. ಲೋಹಗಡದಂಥ ಮೆಟ್ಟಿಲ ದಾರಿಗೆ, ಮಕ್ಕಳ ಜೊತೆ ನಿಧಾನ ಹೋಗುವಾಗ ಪೊಂಚೊ ಸಾಕು. ಒಂದು ಗಟ್ಟಿ ಕೊಡೆಯೂ ಸಾಕು, ಗಾಳಿ ಇಲ್ಲದ ಕಾಡುದಾರಿಯಲ್ಲಿ ಕೊಡೆಯಷ್ಟು ಸುಖ ಯಾವುದೂ ಇಲ್ಲ. ಹಿಮಾಲಯಕ್ಕೆ ಮೆಂಬ್ರೇನ್. ತೋರಣಾ, ರಾಜಗಡ, ಹರಿಶ್ಚಂದ್ರಗಡ, ಕಳಸೂಬಾಯಿಗೆ ಕಂಕುಳ ಜಿಪ್ಪಿನ ತೆಳು ಜಾಕೆಟ್.

ಕೊಳ್ಳುವಾಗ ಚೀಟಿಯಲ್ಲಿ 2,000, 5,000, 10,000 ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಎಷ್ಟು ಮಿಲಿಮೀಟರ್ ಎತ್ತರದ ನೀರು ನಿಂತರೆ ಅದು ಸೋರತೊಡಗುತ್ತದೆ ಎಂಬ ಲೆಕ್ಕ ಅದು. 2,000 ಅಂದರೆ ಎರಡು ಮೀಟರ್, ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ. 10,000 ಅಂದರೆ ಮೂರು ಮಹಡಿಯಷ್ಟು. ಬೀಳುವ ಮಳೆಗೆ ಅಷ್ಟು ಒತ್ತಡ ಇರುವುದಿಲ್ಲ, ಆದರೆ ಚೀಲದ ಪಟ್ಟಿಗೆ ಇರುತ್ತದೆ. ಎಂಟು ಕಿಲೋ ಹೊತ್ತು ನಾಲ್ಕು ಗಂಟೆ ನಡೆದರೆ ಮೊದಲು ಸೋರುವುದು ಭುಜವೇ. ನಾನು 10,000ಕ್ಕೆ ಕಮ್ಮಿ ತಗೊಳ್ಳುವುದಿಲ್ಲ. 20,000ಕ್ಕೆ ದುಡ್ಡು ಸುರಿಯುವುದೂ ಇಲ್ಲ. ಬರೀ "ವಾಟರ್ ರೆಸಿಸ್ಟೆಂಟ್" ಅಂತ ಬರೆದಿದ್ದರೆ ಅದು ವಿಂಡ್‌ಚೀಟರ್, ತುಂತುರಿಗೆ ಮಾತ್ರ.

ಅಂಗಡಿಯಲ್ಲಿ ಜಾಕೆಟ್ಟನ್ನು ಒಳಗು ಹೊರಗು ಮಾಡಿ ನೋಡಿ. ಹೊಲಿಗೆ ಇರುವ ಕಡೆಯೆಲ್ಲ ಬೆರಳಗಲದ ಟೇಪ್ ಅಂಟಿಸಿರಬೇಕು. ಟೊಪ್ಪಿಯ ಹೊಲಿಗೆಯನ್ನು ಮರೆಯಬೇಡಿ, ಕಮ್ಮಿ ಬೆಲೆಯವರು ಅಲ್ಲೇ ಕೈಬಿಡುವುದು. ನಿಮ್ಮ ಟ್ರೆಕ್ಕಿಂಗ್ ಚೀಲವನ್ನು ಜೊತೆಗೆ ಒಯ್ಯಿರಿ. ಹಾಕಿಕೊಂಡು ಸೊಂಟದ ಪಟ್ಟಿ ಬಿಗಿದು, ಎರಡೂ ಕೈ ಮೇಲೆತ್ತಿ. ಅಂಚು ಹೊಟ್ಟೆಯ ಮೇಲೆ ಬಂದರೆ ಬೇಡ. ಜೇಬುಗಳು ಪಟ್ಟಿಯ ಕೆಳಗೆ ಸಿಕ್ಕಿಕೊಂಡರೂ ಬೇಡ. ತಲೆ ಎಡಕ್ಕೆ ತಿರುಗಿಸಿ: ಟೊಪ್ಪಿಯೂ ಜೊತೆಗೆ ತಿರುಗಬೇಕು, ಕಣ್ಣಿಗೆ ಅಡ್ಡ ಬರಬಾರದು. ಅಳತೆ ಒಂದು ಸೈಜ್ ದೊಡ್ಡದೇ ಇರಲಿ. ಮೈಗೆ ಅಂಟಿದ ಜಾಕೆಟ್ಟಿನೊಳಗೆ ಗಾಳಿ ಆಡುವುದಿಲ್ಲ.

ಇನ್ನು ಆರೈಕೆ. ಒಳ್ಳೆಯ ಜಾಕೆಟ್ಟುಗಳನ್ನು ನಾವು ಕೆಡಿಸುವುದು ಅಕ್ಟೋಬರಿನಲ್ಲಿ, ಅರ್ಧ ಒಣಗಿದ್ದನ್ನು ಮಡಚಿ ಅಲ್ಮೆರಾದ ಮೇಲೆ ತುರುಕಿ. ಪಿಯು ಲೇಪಕ್ಕೆ ತೇವವೇ ಶತ್ರು. ನಿಧಾನಕ್ಕೆ ಕೊಳೆತು, ಮೊದಲು ಅಂಟಂಟಾಗಿ, ಆಮೇಲೆ ಬಿಳಿ ಹೊಟ್ಟಿನ ಹಾಗೆ ಉದುರುತ್ತದೆ. ನನ್ನ ಹಳೆಯದೊಂದು ಹಾಗೇ ಹೋಯಿತು, ಅದಕ್ಕೆ ಮದ್ದಿಲ್ಲ. ಈಗಿನದನ್ನು ಹ್ಯಾಂಗರಿಗೆ ತೂಗುಹಾಕುತ್ತೇನೆ. ತೊಳೆಯುವಾಗ ಸೌಮ್ಯ ಲಿಕ್ವಿಡ್ ಸ್ವಲ್ಪವೇ ಸಾಕು, ಕಂಫರ್ಟ್ ಥರದ ಸಾಫ್ಟ್‌ನರ್ ಮಾತ್ರ ಹಾಕಬಾರದು. ಅದು ಹೊರಮೈಯ ನೀರು ಜಾರಿಸುವ ಲೇಪವನ್ನು ಹಾಳು ಮಾಡುತ್ತದೆ.

ಆ ಲೇಪ ಇದೆಯೋ ಹೋಗಿದೆಯೋ ನೋಡಲು ಒಂದು ಚಮಚ ನೀರು ಸಾಕು. ಇವತ್ತು ಬೆಳಗ್ಗೆ ಬಾಲ್ಕನಿಯಲ್ಲಿ ನನ್ನದರ ಮೇಲೆ ಚಿಮುಕಿಸಿದೆ. ಎದೆಯ ಮೇಲೆ ಹನಿಗಳು ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಂತು ಉರುಳಿದವು. ಎರಡೂ ಭುಜದಲ್ಲಿ, ಪಟ್ಟಿ ಉಜ್ಜುವ ಜಾಗದಲ್ಲಿ, ಹರಡಿ ಕಪ್ಪು ಮಚ್ಚೆಯಾದವು. ಈ ವಾರ ತೊಳೆದು, ಭುಜಕ್ಕೆ ಹೊಸ ಲೇಪದ ಸ್ಪ್ರೇ ಹೊಡೆದು ಒಣಗಿಸಬೇಕು. ಮೊದಲ ಮಳೆ ಬಿದ್ದ ಭಾನುವಾರ ತೋರಣಾಕ್ಕೆ ಹೋಗುವುದೆಂದು ಗುಂಪಿನಲ್ಲಿ ಆಗಲೇ ಮಾತಾಗಿದೆ.